ಬಚ್ಚಿಟ್ಟ ಮೋಟಾರಿನ ಕಮಾನು

ಮಾಬ್ಲ ಆಚಾರಿ ಯಾವ ಕಬ್ಬಿಣವನ್ನೂ ನೋಡಿದ ಕೂಡಲೇ ನಂಬುತ್ತಿರಲಿಲ್ಲ. ಯಾರಾದರೂ ಹಳೆಯ ಗುದ್ದಲಿಯನ್ನೋ ಗಾಡಿಚಕ್ರದ ಪಟ್ಟಿಯನ್ನೋ ತಂದು ಮುಂದಿಟ್ಟರೆ, ಅದನ್ನು ಕತ್ತದ ಹಗ್ಗದಲ್ಲಿ ತೊಲೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಒಳಗೆ ಬಿರುಕಿದ್ದರೆ ಒಡಕು ಗಡಿಗೆಯಂಥ ಸದ್ದು ಬರುತ್ತಿತ್ತು. ಅವನ ಅಪ್ಪನಿಗೆ ಹೀಗೆ ಕೇಳುವ ತಾಳ್ಮೆ ಇರಲಿಲ್ಲ. ಯಾರೋ ಮಾರಿಹೋದ ಕೆಟ್ಟ ಉಕ್ಕನ್ನು ಅಡೆಗಲ್ಲಿನ ಮೇಲಿಟ್ಟು ಬಡಿಯುವಾಗ ಚೂರು ಹಾರಿ ಅಪ್ಪನ ಬಲಗಣ್ಣು ಹೋಗಿತ್ತು. ಆ ದಿನ ತಿದಿ ಒತ್ತುತ್ತ ಪಕ್ಕದಲ್ಲೇ ಕೂತಿದ್ದವನು ಮಾಬ್ಲ. ಅಂದಿನಿಂದ ಅವನಿಗೆ ಕಬ್ಬಿಣದ ಮೇಲೂ ಅನುಮಾನ, ಅದನ್ನು ತಂದವನ ಮೇಲೂ ಅನುಮಾನ.

ಅವನ ಕುಲುಮೆ ಇದ್ದದ್ದು ಅಂಕೋಲೆಯಿಂದ ಕಾರವಾರದ ಕಡೆಗೆ ಹೊರಡುವ ರಸ್ತೆಯ ಬದಿಗೆ, ಪೇಟೆಯ ಕೊನೆಯ ಅಂಗಡಿ ದಾಟಿದ ಮೇಲೆ. ಮಕ್ಕಳಿರಲಿಲ್ಲ. ತಿದಿ ಒತ್ತುವವಳು ಹೆಂಡತಿ ಭಾಗೀರಥಿ. ಗಂಡ ಮಾತಾಡದಿದ್ದರೂ ಸುತ್ತಿಗೆ ಬೀಳುವ ರೀತಿಯಲ್ಲೇ ಅವನ ಮನಸ್ಸು ಹೇಗಿದೆಯೆಂದು ಅವಳಿಗೆ ತಿಳಿಯುತ್ತಿತ್ತು.

ಮೂವತ್ತೆರಡನೆಯ ಇಸವಿಯಲ್ಲಿ ಅಂಕೋಲೆ ಸೀಮೆಯ ರೈತರು ಸರ್ಕಾರಕ್ಕೆ ಭೂಮಿಯ ಕರ ಕೊಡುವುದಿಲ್ಲವೆಂದು ಹಟ ಹಿಡಿದು ಕೂತಾಗ ಊರಿಗೆ ಊರೇ ಮಾಬ್ಲನ ಹಾಗೆ ಆಯಿತು. ಗಂಡಸರು ಜೇಲಿಗೆ ಹೋದರು. ಪೊಲೀಸರು ಮನೆಮನೆಗೆ ಬಂದು ದನ, ಭತ್ತ, ಪಾತ್ರೆಗಳನ್ನು ಜಪ್ತಿ ಮಾಡಿದರು. ಜನ ಇದ್ದಬದ್ದದ್ದನ್ನು ಬಚ್ಚಿಟ್ಟರು. ಬಚ್ಚಿಟ್ಟದ್ದು ಕೆಲವು ಸಲ ಸಿಕ್ಕಿಬಿದ್ದಾಗ, ಹೇಳಿಕೊಟ್ಟವರು ಯಾರು ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಸುಳಿದಾಡಿತು.

ಆಗ ಬೊಮ್ಮು ನಾಯಕರೂ ಜೇಲಿಗೆ ಹೋದರು. ಅವರಿಗೆ ಗದ್ದೆಯೂ ಇತ್ತು, ಅಂಕೋಲೆ–ಕಾರವಾರದ ನಡುವೆ ಓಡುವ ಒಂದು ಸರ್ವಿಸ್ ಮೋಟಾರೂ ಇತ್ತು. ಮೋಟಾರನ್ನು ಜಪ್ತಿ ಮಾಡಲು ಪೊಲೀಸರು ಬಂದಾಗ ಕೊಟ್ಟಿಗೆಯಲ್ಲಿ ಸಿಕ್ಕಿದ್ದು ಬರೀ ಮರದ ಮೈ, ಬೆಂಚುಗಳು, ಮೇಲಿನ ಕ್ಯಾನ್‌ವಾಸು. ಇಂಜಿನ್ನು, ಚಕ್ರ, ಅಚ್ಚು ಒಂದೂ ಇಲ್ಲ. ಎಲ್ಲವನ್ನೂ ಬಿಚ್ಚಿ ಎಲ್ಲಿಗೋ ಸಾಗಿಸಿಯಾಗಿತ್ತು. ಫೌಜದಾರ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡನೆಂಬ ಕಥೆಯನ್ನು ಜನ ಬಹಳ ದಿನ ಹೇಳಿಕೊಂಡು ನಕ್ಕರು. ಆದರೆ ಆ ನಗುವಿನ ಬೆನ್ನಿಗೇ ಇನ್ನೊಂದು ನಡೆಯಿತು. ಬೊಮ್ಮು ನಾಯಕರ ಹೆಂಡತಿ ಮಾಸ್ತಮ್ಮ ಮನೆಯ ತಾಮ್ರದ ಹಂಡೆ, ಕೊಡ, ತಪ್ಪಲೆಗಳನ್ನು ನೆರೆಮನೆಯ ಹುಲ್ಲಿನ ಬಣವೆಯೊಳಗೆ ಇಡಿಸಿದ್ದಳು. ಪೊಲೀಸರು ಬಂದವರು ಆಚೀಚೆ ನೋಡದೆ ನೆಟ್ಟಗೆ ಬಣವೆಗೇ ಹೋಗಿ ಹುಲ್ಲು ಕಿತ್ತರು.

ಅದರ ಹಿಂದಿನ ದಿನ ಆ ನೆರೆಮನೆಗೆ ನೇಗಿಲ ಗುಳ ಕೂರಿಸಿಕೊಡಲು ಹೋದವನು ಮಾಬ್ಲ. ಅದೇ ವಾರದಲ್ಲಿ ಪೊಲೀಸ್ ಕಚೇರಿಯ ಕೋಣೆಯ ಅಗುಳಿ ಮುರಿದು, ಸಿಪಾಯಿಯೊಬ್ಬ ಅವನನ್ನು ಕರೆದುಕೊಂಡು ಹೋಗಿದ್ದನ್ನು ಪೇಟೆಯೆಲ್ಲ ನೋಡಿತ್ತು. ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಯಾರೂ ಅವನ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಗುಳ ತಟ್ಟಿಸಲು ಬರುವವರು ಅಂಗಳದಲ್ಲೇ ನಿಂತು ಕೆಲಸ ಮುಗಿಸಿಕೊಂಡು ಹೋದರು. ಎಲೆಯಡಿಕೆ ಹಾಕಲು ಕೂರಲಿಲ್ಲ. ಮಾಸ್ತಮ್ಮ ದಾರಿಯಲ್ಲಿ ಎದುರಾದರೆ ಸೆರಗು ಸರಿಪಡಿಸಿಕೊಂಡು ಮುಖ ಆಚೆ ಮಾಡುತ್ತಿದ್ದಳು. ಮಾಬ್ಲನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನೂ ಒಬ್ಬೊಬ್ಬರನ್ನೇ ನೋಡಿ ಲೆಕ್ಕ ಹಾಕತೊಡಗಿದ. ಹೇಳಿಕೊಟ್ಟವನು ಇವನಿರಬಹುದೇ, ಅವನಿರಬಹುದೇ ಎಂದು.

ಮರುವರ್ಷ, ಮಳೆಗಾಲ ಕಳೆದು ರಸ್ತೆ ಒಣಗಿದ ಸಮಯಕ್ಕೆ, ಕುಲುಮೆಯ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಇಳಿದವನು ಗಡ್ಡ ಬಿಟ್ಟ, ಬಡಕಲು ಮೈಯ, ಮೂವತ್ತರ ಸುಮಾರಿನವನು. ಹೆಸರು ತುಳಸಿದಾಸ, ಕಾರವಾರದ ಹಬ್ಬುವಾಡದವನು ಎಂದು ಹೇಳಿಕೊಂಡ. ಕನ್ನಡದಲ್ಲಿ ಕೊಂಕಣಿಯ ಎಳೆತ. ಗಾಡಿಯಿಂದ ಗೋಣಿಯಲ್ಲಿ ಸುತ್ತಿದ ಎರಡು ಭಾರದ ಗಂಟುಗಳನ್ನು ಇಳಿಸಿದ. ಬಿಚ್ಚಿದರೆ ಒಳಗೆ ಮೋಟಾರಿನ ಹಿಂದಿನ ಅಚ್ಚಿನ ಮೇಲೆ ಕೂರುವ, ಪಟ್ಟಿಯ ಮೇಲೆ ಪಟ್ಟಿ ಜೋಡಿಸಿದ ಕಮಾನುಗಳು, ಎಡದ್ದೊಂದು ಬಲದ್ದೊಂದು. ತುಕ್ಕು ಹಿಡಿದು ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ತಾನೊಂದು ಕಾರು ಕಟ್ಟುತ್ತಿದ್ದೇನೆ ಎಂದು ತುಳಸಿದಾಸ ಹೇಳಿದ. ಚೌಕಟ್ಟು ಒಂದು ಕಾರಿನದು, ಇಂಜಿನ್ನು ಇನ್ನೊಂದರದು, ಹಿಂದಿನ ಅಚ್ಚು ಮತ್ತೆಲ್ಲಿಯದೋ. ಈ ಕಮಾನುಗಳು ಆ ಅಚ್ಚಿಗೆ ಉದ್ದವೂ ಹೆಚ್ಚು, ಬಿಗಿಯೂ ಹೆಚ್ಚು. ಉದ್ದ ಕಡಿಮೆ ಮಾಡಿ, ತುದಿಯ ಬಳೆಯಂಥ ಕಣ್ಣುಗಳನ್ನು ಹೊಸದಾಗಿ ಸುತ್ತಿ, ನಡುವಿನ ಬೋಲ್ಟಿನ ತೂತನ್ನು ಸ್ವಲ್ಪ ಮುಂದಕ್ಕೆ ಸರಿಸಿಕೊಡಬೇಕು. ಅಳತೆಗೆಂದು ದಾರದ ಗಂಟು ಹಾಕಿದ ಒಂದು ಬಿದಿರ ಸೀಳನ್ನು ತಂದಿದ್ದ.

“ಮೆತ್ತಗಾಗ್ಬೇಕು ಆಚಾರ್ರೇ,” ಎಂದ. “ಭಾರ ಏನೂ ಹಾಕೂದಿಲ್ಲ. ಮೆತ್ತಗಿದ್ರೆ ಸಾಕು.”

ಕಾರವಾರದಲ್ಲಿ ಕಮ್ಮಾರರಿಲ್ಲವೇ, ಇಷ್ಟು ಭಾರ ಹೊತ್ತು ಅರ್ಗಾ ಘಟ್ಟ ಹತ್ತಿಳಿದು ಇಲ್ಲಿಗೇ ಯಾಕೆ ಬಂದದ್ದು ಎಂದು ಮಾಬ್ಲ ಕೇಳಿದ. ನಿಮ್ಮ ಕೈ ಚೆನ್ನಾಗಿದೆಯೆಂದು ಯಾರೋ ಹೇಳಿದರು ಎಂದ ತುಳಸಿದಾಸ. ಯಾರು ಹೇಳಿದರು ಎಂದರೆ, ಹೆಸರು ನೆನಪಿಲ್ಲ ಎಂದ. ಈ ಕಮಾನು ಎಲ್ಲಿ ಸಿಕ್ಕಿತು ಎಂದರೆ, ಗೋವೆಯ ಮಡಗಾವಿನಲ್ಲಿ ಗುಜರಿಯವನೊಬ್ಬ ಮಾರಿದ ಎಂದ. ಹಾಗೆ ಹೇಳುವಾಗ ಅವನು ಮಾಬ್ಲನ ಮುಖ ನೋಡಲಿಲ್ಲ, ಬೆಂಕಿಯನ್ನು ನೋಡುತ್ತಿದ್ದ.

ಅವನು ಹೋದ ಮೇಲೆ ಮಾಬ್ಲ ಬೋಲ್ಟು ಬಿಚ್ಚಿ, ಉಳಿಯಿಂದ ಪಟ್ಟಿಗಳನ್ನು ಬಿಡಿಸಿದ. ನಡುನಡುವೆ ಮರಳು ಉದುರಿತು. ಹೊಳೆಯ ಮರಳಲ್ಲ, ಬೆರಳಲ್ಲಿ ತಿಕ್ಕಿದರೆ ಸಣ್ಣ ಚಿಪ್ಪಿನ ಚೂರುಗಳು ಸಿಕ್ಕುವ ಕಡಲ ಬದಿಯ ಮರಳು. ಗುಜರಿಯ ಅಂಗಡಿಯ ಕಬ್ಬಿಣದಲ್ಲಿ ಧೂಳಿರುತ್ತದೆ, ಎಣ್ಣೆ ಇರುತ್ತದೆ. ಕಡಲ ಮರಳಿಗೆ ಅಲ್ಲೇನು ಕೆಲಸ? ಅವನು ಎರಡನೆಯ ಪಟ್ಟಿಯ ಹೊಟ್ಟೆಯ ತುಕ್ಕನ್ನು ಅರದಿಂದ ಕೆರೆದ. ಅಲ್ಲಿ ಉಳಿಯಿಂದ ಹಾಕಿದ ಎರಡು ಗೀಟುಗಳಿದ್ದವು. ಮೂರನೆಯದರಲ್ಲಿ ಮೂರು.

ಅವು ಅವನೇ ಹಾಕಿದ ಗೀಟುಗಳು. ಬೊಮ್ಮು ನಾಯಕರ ಸರ್ವಿಸ್ ಮೋಟಾರಿನ ಹಿಂದಿನ ಕಮಾನು ಒಮ್ಮೆ ಅವರ್ಸೆಯ ಹತ್ತಿರ ಮುರಿದಾಗ, ಹದಗೊಳಿಸಿ ಜೋಡಿಸಿಕೊಟ್ಟವನು ಅವನು. ಆಮೇಲೆ ಆ ಮೋಟಾರಿನಲ್ಲಿ ಬಸುರಿ ಹೆಂಗಸರನ್ನೂ ಧೈರ್ಯವಾಗಿ ಕಳಿಸುತ್ತಿದ್ದರು.

ಹಾಗಾದರೆ ಯಾರೋ ಬೊಮ್ಮು ನಾಯಕರು ಬಚ್ಚಿಟ್ಟ ಮೋಟಾರನ್ನು ಅಗೆದು ತೆಗೆದಿದ್ದಾರೆ. ಯಜಮಾನ ಜೇಲಿನಲ್ಲಿರುವಾಗ ಕದ್ದು ಮಾರಿದ್ದಾರೆ. ಇಲ್ಲವೇ ಪೊಲೀಸರ ಕೈಗೆ ಸಿಕ್ಕಿ, ಅವರು ತಮ್ಮವನೊಬ್ಬನಿಗೆ ದಾಟಿಸಿದ್ದಾರೆ. ಬಣವೆಯನ್ನು ತೋರಿಸಿಕೊಟ್ಟವನೇ ಇದನ್ನೂ ತೋರಿಸಿಕೊಟ್ಟಿರಬೇಕು. ತನ್ನ ತಲೆಯ ಮೇಲೆ ಹೊರಿಸಿದ ಕಳಂಕದ ನಿಜವಾದ ಒಡೆಯ ತಾನಾಗಿ ಕುಲುಮೆಗೆ ಬಂದು ನಿಂತಿದ್ದ ಎಂದು ಅವನಿಗೆ ಅನಿಸಿತು.

ಭಾಗೀರಥಿ ಹೇಳಿದ್ದು ಒಂದೇ ಮಾತು. ಮೋಟಾರು ಬೊಮ್ಮು ನಾಯಕರದಾದರೆ ಮಾಸ್ತಮ್ಮನನ್ನೇ ಕೇಳಬಹುದಲ್ಲ ಎಂದಳು. ಮಾಬ್ಲ ಒಪ್ಪಲಿಲ್ಲ. ಈ ಕಮಾನು ನಿನ್ನ ಕೈಗೆ ಹೇಗೆ ಬಂತು ಎಂದು ಅವಳು ತನ್ನನ್ನೇ ತಿರುಗಿಸಿ ಕೇಳುತ್ತಾಳೆ. ಮೊದಲೇ ಮುಖ ತಿರುಗಿಸುವವಳು ಇನ್ನು ಊರನ್ನೇ ಕರೆದು ಹೇಳುತ್ತಾಳೆ. ಮೊದಲು ತುಳಸಿದಾಸ ಯಾರೆಂದು ನೋಡಿಕೊಂಡು ಬರುತ್ತೇನೆ ಎಂದ.

ಇದ್ದಲು ಹಸಿಯಾಗಿದೆ, ಕೆಲಸ ತಡವಾಗುತ್ತದೆ ಎಂದು ಕಾರವಾರಕ್ಕೆ ಹೋಗುವ ಗಾಡಿಯವನ ಕೈಲಿ ಹೇಳಿಕಳಿಸಿ, ತಾನೂ ಒಂದು ಬೆಳಿಗ್ಗೆ ಕಾರವಾರದ ಮೋಟಾರು ಹತ್ತಿದ. ಕಾರವಾರದ ಪೇಟೆಯಲ್ಲಿ ಹೊಸ ಅರ ಕೊಳ್ಳುವ ನೆಪವಿತ್ತು. ಅಮದಳ್ಳಿ ದಾಟಿ, ಅರ್ಗಾದ ಏರಿನಲ್ಲಿ ಕಡಲನ್ನು ಎಡಕ್ಕಿಟ್ಟುಕೊಂಡು ಮೋಟಾರು ಏದುಸಿರು ಬಿಡುತ್ತ ಹತ್ತುವಾಗ, ಪಕ್ಕದಲ್ಲಿ ಕೂತವನು ನೀನು ಅಂಕೋಲೆಯವನಾ, ಏನು ಕೆಲಸ ಎಂದು ಕೇಳಿದ. ಮಾಬ್ಲ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡ.

ಹಬ್ಬುವಾಡದಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಾರು ಕಟ್ಟುವ ಹುಚ್ಚ ಎಂದರೆ ಎಲ್ಲರೂ ಕೈ ತೋರಿಸಿದರು. ಮನೆಯ ಹಿಂದೆ ತೆಂಗಿನ ಮಡಲು ಹೊದಿಸಿದ ಚಪ್ಪರ. ಅದರ ಕೆಳಗೆ ಮರದ ದಿಮ್ಮಿಗಳ ಮೇಲೆ ಕೂತ ಕಾರು. ತುಳಸಿದಾಸ ಕಾಣಿಸಲಿಲ್ಲ. ಮಾಬ್ಲ ಬೇಲಿಯ ಸಂದಿನಿಂದ ಒಳಹೊಕ್ಕು ಸುತ್ತ ಒಮ್ಮೆ ನೋಡಿದ. ಮುಂದೆ ಇಬ್ಬರು ಕೂರುವ ಸೀಟು. ಹಿಂದೆ ಸೀಟೇ ಇಲ್ಲ. ಚೌಕಟ್ಟನ್ನು ಕತ್ತರಿಸಿ ಉದ್ದ ಮಾಡಿ, ಅದರ ಮೇಲೆ ಒಂದಾಳುದ್ದದ ಹಲಗೆ ಹಾಸಿತ್ತು. ಹಲಗೆಯ ಎರಡೂ ಅಂಚಿಗೆ ಹಗ್ಗ ಪೋಣಿಸಲು ತೂತುಗಳು. ಕಟ್ಟಿ ಸಾಗಿಸುವಂಥದ್ದು ಏನು? ಗೋವೆಯ ಗಡಿ ಹತ್ತಿರ. ಕದ್ದು ಸಾಗಿಸುವ ಹೆಂಡದ ಪೀಪಾಯಿಗಳೇ ಇರಬೇಕು ಎಂದುಕೊಂಡ.

ಅವನು ಬಗ್ಗಿ ಹಿಂದಿನ ಅಚ್ಚನ್ನು ಜೊತೆಗೆ ತಂದಿದ್ದ ಬಿದಿರ ಸೀಳಿನಿಂದ ಅಳೆದ. ಸೀಳಿನ ಗಂಟುಗಳಿಗೆ ಅದು ಕೂದಲಿನಷ್ಟೂ ತಪ್ಪದೆ ಹೊಂದಿತು. ಅಳತೆಯಲ್ಲಿ ಇಷ್ಟು ನಿಯತ್ತಿನವನು ಮಾತಿನಲ್ಲಿ ಸುಳ್ಳ. ಮಾಬ್ಲನಿಗೆ ಅದು ಇನ್ನಷ್ಟು ಕೆಟ್ಟದಾಗಿ ಕಂಡಿತು.

ಅಷ್ಟರಲ್ಲಿ ಮನೆಯ ಮುಂದೆ ಮಾತು ಕೇಳಿಸಿತು. ಮಡಲಿನ ಮರೆಯಿಂದ ಇಣುಕಿದರೆ, ಜಗಲಿಯ ಮೇಲೆ ಪೊಲೀಸ್ ಹವಾಲ್ದಾರ ಈ ಕಡೆಗೆ ಬೆನ್ನು ಮಾಡಿ ಕಾಲು ಚಾಚಿ ಕೂತಿದ್ದಾನೆ. ತುಳಸಿದಾಸ ಎಲೆಯಡಿಕೆಯ ತಟ್ಟೆ ಮುಂದಿಡುತ್ತಿದ್ದಾನೆ. ಹವಾಲ್ದಾರ ಏನೋ ಅಂದ, ತುಳಸಿದಾಸ ನಕ್ಕ. ಮಾಬ್ಲ ಬಂದ ದಾರಿಯಲ್ಲೇ ಬೇಲಿ ದಾಟಿದ. ಅರ ಕೊಳ್ಳುವುದೂ ಮರೆತುಹೋಯಿತು.

ಮನೆಗೆ ಬಂದವನೇ ಬೆಂಕಿ ಹಾಕಿದ. ಎಡಗಡೆಯ ಕಮಾನಿನ ದೊಡ್ಡ ಪಟ್ಟಿಯನ್ನು ಅಳತೆಗೆ ಕತ್ತರಿಸಿ, ಎರಡೂ ತುದಿ ಕಾಸಿ ಕಣ್ಣು ಸುತ್ತಿದ, ತೂತು ಹೊಡೆದ, ಬಾಗು ಕೊಟ್ಟ. ಕೆಲಸ ಲಕ್ಷಣವಾಗಿ ಬಂತು. ಕಡೆಗೆ ಪಟ್ಟಿಯನ್ನು ಉದ್ದಕ್ಕೂ ಕೆಂಪಗೆ ಕಾಸಿ ಇಕ್ಕಳದಲ್ಲಿ ಎತ್ತಿದ. ಕಮಾನಿನ ಉಕ್ಕನ್ನು ಎಣ್ಣೆಯಲ್ಲಿ ಅದ್ದಬೇಕು. ಅದಕ್ಕೆಂದು ಮೂಲೆಯಲ್ಲಿ ಮೀನೆಣ್ಣೆಯ ಬಾನಿ ಇತ್ತು. ಆಮೇಲೆ ಮತ್ತೆ ಹದವಾಗಿ ಬಿಸಿಮಾಡಿ, ಒಣಗಿದ ಕಡ್ಡಿಯೊಂದನ್ನು ಮೇಲೆ ಉಜ್ಜಿ, ಕಡ್ಡಿಯ ತುದಿ ಕಿಡಿ ಹಿಡಿದಾಗ ತೆಗೆದು ಆರಲು ಬಿಡಬೇಕು. ಮಾಬ್ಲ ಪಟ್ಟಿಯನ್ನು ಗುಳ ಅದ್ದುವ ತಣ್ಣೀರಿನ ಕಲ್ಲುಮರಿಗೆಗೆ ಇಳಿಸಿದ. ಹಬೆ ಎದ್ದಿತು. ಹೊರಗೆ ತೆಗೆದು ಗೋಡೆಗೆ ಒರಗಿಸಿಟ್ಟ. ಕಡ್ಡಿ ಉಜ್ಜಲಿಲ್ಲ.

ನೋಡುವವರಿಗೆ ಅದು ಒಳ್ಳೆಯ ಪಟ್ಟಿಯೇ. ಆದರೆ ನೀರು ಕುಡಿದ ಉಕ್ಕು ಗಾಜಿನಷ್ಟು ಗಡುಸು. ಪೇಟೆಯ ಸಪಾಟು ರಸ್ತೆಯಲ್ಲಿ ಕೆಲವು ದಿನ ಓಡೀತು. ಅರ್ಗಾದ ಇಳಿಜಾರಿನಲ್ಲಿ ಒಂದು ಹೊಂಡಕ್ಕೆ ಚಕ್ರ ಬಿದ್ದರೆ ಎರಡು ತುಂಡು.

ಭಾಗೀರಥಿ ತಿದಿಯ ಹಿಡಿ ಬಿಟ್ಟು ಎದ್ದಳು. ಗೋಡೆಯ ಬದಿಯ ಪಟ್ಟಿಯನ್ನೂ ಮೂಲೆಯ ಎಣ್ಣೆ ಬಾನಿಯನ್ನೂ ನೋಡಿದಳು.

“ಆ ಕಾರಲ್ಲಿ ಕೂತ್ಕಳ್ಳೋರು ಯಾರು ಅಂತ ನಿಮಗೆ ಗೊತ್ತದ್ಯಾ?”

ಪೊಲೀಸರ ಮನುಷ್ಯ ಕೂತುಕೊಳ್ಳುತ್ತಾನೆ ಎಂದ ಮಾಬ್ಲ. ಕಣ್ಣಾರೆ ನೋಡಿ ಬಂದೆ ಎಂದ. ಆ ಸಂಜೆ ಅನ್ನ ಬಡಿಸಿದವಳು ಗಂಡನ ಮುಂದೆ ಕೂರದೆ ಒಳಗೆ ಹೋದಳು.

ಮಾರನೆಯ ದಿನ ತುಳಸಿದಾಸನೇ ಬಂದ. ಕೆಲಸ ಎಲ್ಲಿಗೆ ಬಂತು ಎಂದು ಕೇಳಿ, ಗೋಡೆಗೆ ಒರಗಿಸಿದ್ದ ಪಟ್ಟಿಯನ್ನು ನೋಡಿ ಅವನ ಮುಖ ಅರಳಿತು. ಹತ್ತಿರ ಹೋಗಿ ಅದರ ಬಾಗಿನ ಮೇಲೆ ಅಂಗೈ ಸವರಿದ. ಕಳ್ಳಸಾಗಾಟದವನು ತನ್ನ ಗಾಡಿಯ ಕಬ್ಬಿಣವನ್ನು ಹಾಗೆ ಮುಟ್ಟುವುದಿಲ್ಲ. ಮಾಬ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ.

“ಬಿಗಿ ಇನ್ನೂ ಕಮ್ಮಿ ಆಗೂಕೆ ಬರ್ತದ್ಯೇ ಆಚಾರ್ರೇ?” ತುಳಸಿದಾಸ ಕೇಳಿದ. “ಅರಬೈಲ್ ಘಟ್ಟದಲ್ಲಿ ಹೊಂಡ ಬಹಳ. ಕುಲುಕಿದ್ರೆ ಮಲಗಿದವ್ರಿಗೆ...”

ಅಲ್ಲಿಗೇ ನಿಲ್ಲಿಸಿದ. ಮಲಗಿದವರು ಯಾರು ಎಂದು ಮಾಬ್ಲ ಕೇಳಿದ. ಯಾರೂ ಇಲ್ಲ, ಮಾತಿಗೆ ಹೇಳಿದೆ ಎಂದು ತುಳಸಿದಾಸ ಬೇಗ ಬೇಗ ಹೊರಟುಹೋದ.

ಮಾಬ್ಲ ಆ ಹೊತ್ತು ಬೇರೆ ಯಾವ ಕೆಲಸಕ್ಕೂ ಕೈ ಹಾಕಲಿಲ್ಲ. ಪೀಪಾಯಿ ಸಾಗಿಸುವವನು ಕಮಾನು ಬಿಗಿಯಾಗಿರಲಿ ಎನ್ನುತ್ತಾನೆ. ಇವನು ಮೆತ್ತಗಾಗಲಿ ಎನ್ನುತ್ತಾನೆ. ಗೋವೆಗೆ ಹೋಗುವವನು ಕಾಳಿ ನದಿ ದಾಟಬೇಕು. ಇವನು ಹುಬ್ಬಳ್ಳಿಯ ದಾರಿಯ ಅರಬೈಲ್ ಘಟ್ಟದ ಮಾತಾಡುತ್ತಾನೆ. ಹಲಗೆಯೋ ಒಂದಾಳುದ್ದ. ಇಷ್ಟು ದಿನ ಎಲ್ಲರ ಮೇಲೂ ಇದ್ದ ಅನುಮಾನ ಮೊದಲ ಬಾರಿಗೆ ತನ್ನ ಲೆಕ್ಕದ ಮೇಲೇ ತಿರುಗಿತು. ಹೆಗಲಿಗೆ ಪಂಚೆ ಹಾಕಿಕೊಂಡು ಅವನು ಬೊಮ್ಮು ನಾಯಕರ ಮನೆಯ ದಾರಿ ಹಿಡಿದ.

ಮಾಸ್ತಮ್ಮ ಅಂಗಳದಲ್ಲಿ ಹರಡಿದ್ದ ಭತ್ತವನ್ನು ಕಾಲಿನಿಂದ ತಿರುವುತ್ತಿದ್ದಳು. ಅವನನ್ನು ಕಂಡು ನಿಂತಳು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ. ಮಾಬ್ಲ ಬೇಲಿಬಾಗಿಲಿನ ದಣಪೆಯ ಆಚೆಯೇ ನಿಂತು, ಸುತ್ತುಬಳಸದೆ ಹೇಳಿದ.

“ಒಡೇರ ಮೋಟಾರಿನ ಕಮಾನು ನನ್ನ ಕುಲುಮೆಯಲ್ಲಿ ಅದೆ ಅಮ್ಮಾ. ಹಬ್ಬುವಾಡದವ ಒಬ್ಬ ತಂದಿಟ್ಟು ಹೋಗಿದ್ದ. ನನ್ನ ಗೀಟು ನಾ ಗುರುತಿಸ್ದೆ.”

ಅವಳು ಬಾಗಿಲ ಕಡೆಗೊಮ್ಮೆ, ರಸ್ತೆಯ ಕಡೆಗೊಮ್ಮೆ ನೋಡಿದಳು.

“ಯಾವಾಗ ಗುರುತಿಸ್ದೆ?”

“ತಂದ ದಿನವೇ.”

“ಅಂದ್ರೆ ಹದಿನೈದು ದಿನ ಆಯ್ತು.” ಅವಳು ಭತ್ತ ದಾಟಿ ದಣಪೆಯ ಹತ್ತಿರ ಬಂದಳು. “ಯಾರಿಗೆ ಹೇಳ್ದೆ?”

“ನನ್ನ ಹೆಂಡ್ತಿಗೆ. ಮತ್ಯಾರಿಗೂ ಇಲ್ಲ.”

“ನನ್ನ ಹಂಡೆ ಎಲ್ಲಿ ಅದೆ ಅಂತ ಹೇಳ್ಕೊಟ್ಟವ ನೀನಲ್ವಾ ಆಚಾರಿ?”

ಒಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನ ಎದುರಿಗೆ ಕೇಳಿದವಳು ಅವಳೊಬ್ಬಳೇ. ಮಾಬ್ಲ ಅದಕ್ಕೆಂದು ಎಷ್ಟೋ ಉತ್ತರಗಳನ್ನು ಮನಸ್ಸಿನಲ್ಲಿ ಹೊಸೆದು ಇಟ್ಟುಕೊಂಡಿದ್ದ.

“ನಾನಲ್ಲ,” ಎಂದ.

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಪೊಲೀಸರ ಕಡೆಯವನಾಗಿದ್ದರೆ ಆ ಕಮಾನುಗಳು ಇಷ್ಟು ದಿನ ಅವನ ಕುಲುಮೆಯಲ್ಲಿ ಉಳಿಯುತ್ತಿರಲಿಲ್ಲ ಎಂಬುದು ಅವಳಿಗೂ ಕಂಡಿರಬೇಕು. ದಣಪೆಯ ಗಳ ಸರಿಸಿ ಜಗಲಿಯ ತುದಿಗೆ ಕೂರಲು ಹೇಳಿದಳು. ಆಮೇಲೆ ತಗ್ಗಿದ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು.

ಘಟ್ಟದ ಮೇಲಿನ ಜೇಲಿನಲ್ಲಿ ಬೊಮ್ಮು ನಾಯಕರ ಬೆನ್ನುಮೂಳೆಗೆ ಕ್ಷಯ ಹಿಡಿದಿತ್ತು. ಎದ್ದು ಕೂರಲಾರರು; ಮಗ್ಗುಲು ಬದಲಿಸಿದರೂ ಕೂಗುತ್ತಾರೆ. ಬದುಕುವವರಲ್ಲ ಎಂದುಕೊಂಡೋ ಏನೋ, ಅವಧಿಗೆ ಮೊದಲೇ ಬಿಡುತ್ತಾರಂತೆ. ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಮಲಗಿಸಿ ತರಬಹುದು. ಅಲ್ಲಿಂದ ಮುಂದೆ? ಸರ್ವಿಸ್ ಮೋಟಾರಿನ ಬೆಂಚಿನ ಮೇಲೆ ಕೂರಿಸಿದರೆ ಘಟ್ಟ ಇಳಿಯುವ ಮೊದಲೇ ಜೀವ ಹೋಗುತ್ತದೆ. ತುಳಸಿದಾಸ ಅದೇ ಜೇಲಿನಲ್ಲಿ ಅವರ ಪಕ್ಕದಲ್ಲಿ ಮಲಗುತ್ತಿದ್ದವನು. ಸತ್ಯಾಗ್ರಹದ ಉಪ್ಪು ಮಾರಿದ್ದಕ್ಕೆ ಒಳಗೆ ಹಾಕಿದ್ದರು. ಬಿಡುಗಡೆಯಾದ ಮೇಲೂ ಹವಾಲ್ದಾರ ಆಗಾಗ ಬಂದು ಮನೆ ನೋಡಿಕೊಂಡು ಹೋಗುತ್ತಾನೆ. ಜೇಲಿನಿಂದ ಹೊರಗೆ ಬಂದ ದಿನವೇ ತುಳಸಿದಾಸ ಮಾಸ್ತಮ್ಮನ ಹತ್ತಿರ ಬಂದು, ಮಲಗಿಸಿ ತರುವಂಥ ಕಾರು ನಾನು ಕಟ್ಟುತ್ತೇನೆ, ಕಮಾನು ಕೊಡಿ ಎಂದಿದ್ದ. ಬೇಲೇಕೇರಿಯ ಕಡಲ ದಂಡೆಯ ಮರಳಿನಲ್ಲಿ ಹೂತಿದ್ದನ್ನು ಅವಳೇ ತೋರಿಸಿಕೊಟ್ಟಿದ್ದಳು. ಬೊಮ್ಮು ನಾಯಕರ ಆಸ್ತಿ ಎಂದು ಸುಳಿವು ಸಿಕ್ಕರೆ ಕಾರನ್ನೂ ಜಪ್ತಿ ಮಾಡುತ್ತಾರೆ. ಅದಕ್ಕೇ ಬಾಯಿ ಬಿಡಬೇಡ ಎಂದು ತುಳಸಿದಾಸನಿಂದ ಮಾತು ತೆಗೆದುಕೊಂಡಿದ್ದಳು.

“ಕಮಾನು ಮಾಬ್ಲನ ಕೈಯಲ್ಲೇ ಆಗ್ಬೇಕು ಅಂತ ಇವರು ಒಳಗಿಂದ ಹೇಳಿ ಕಳಿಸಿದ್ರು,” ಎಂದಳು ಮಾಸ್ತಮ್ಮ. “ನಾ ಬೇಡ ಅಂದಿದ್ದೆ.”

ಮಾಬ್ಲನಿಗೆ ಕುಲುಮೆಯ ಗೋಡೆಗೆ ಒರಗಿಸಿಟ್ಟ ಪಟ್ಟಿ ಕಣ್ಣಮುಂದೆ ಬಂತು. ಒಂದಾಳುದ್ದದ ಹಲಗೆಯ ಮೇಲೆ ಬೆನ್ನು ಮುರಿದ ಮನುಷ್ಯನನ್ನು ಕಟ್ಟಿ ಮಲಗಿಸಿ ಘಟ್ಟ ಇಳಿಸುವುದು, ಕೆಳಗೆ ಆ ಉಕ್ಕು. ಮಾಸ್ತಮ್ಮ ಒಳಗಿನಿಂದ ಬೆಲ್ಲ, ನೀರು ತಂದಿಟ್ಟಳು. ನೀರು ಮಾತ್ರ ಕುಡಿದು ಎದ್ದ.

ಮನೆಗೆ ಬಂದು ಆ ಪಟ್ಟಿಯ ಎರಡು ತುದಿಗೆ ಕಲ್ಲು ಕೊಟ್ಟು ನಡುವೆ ಸಮ್ಮಟಿಗೆಯಿಂದ ಹೊಡೆದ. ಒಂದೇ ಪೆಟ್ಟಿಗೆ ಚಟ್ಟೆಂದು ಮುರಿಯಿತು. ಒಂದು ಚೂರು ಹಾರಿ ತೊಲೆಗೆ ತಾಗಿ ಬಿತ್ತು. ಭಾಗೀರಥಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಬಂದು ತಿದಿಯ ಮುಂದೆ ಕೂತಳು.

ಮುರಿದ ದೊಡ್ಡ ಪಟ್ಟಿಯ ಬದಲಿಗೆ ಏನು ಹಾಕುವುದೆಂಬ ಚಿಂತೆ ಬಹಳ ಹೊತ್ತು ಉಳಿಯಲಿಲ್ಲ. ಸರ್ವಿಸ್ ಮೋಟಾರಿನ ಎರಡನೆಯ ಪಟ್ಟಿ ಈ ಸಣ್ಣ ಕಾರಿಗೆ ಮೊದಲನೆಯದಾಗುವಷ್ಟು ಉದ್ದವಿತ್ತು; ಅದರ ತುದಿಗಳನ್ನೇ ಕಾಸಿ ಕಣ್ಣು ಸುತ್ತಿದ. ಆದರೆ ಎಡಗಡೆಯಲ್ಲಿ ಒಂದು ಪಟ್ಟಿ ಕಡಿಮೆಯಾದರೆ ಬಲಗಡೆಯಲ್ಲೂ ಆಗಬೇಕು, ಇಲ್ಲವಾದರೆ ಕಾರು ಓರೆಯಾಗುತ್ತದೆ. ಬಲಗಡೆಯ ದೊಡ್ಡ ಪಟ್ಟಿಗೆ ಯಾವ ಕುಂದೂ ಇರಲಿಲ್ಲ. ಅದನ್ನೂ ಪಕ್ಕಕ್ಕಿಟ್ಟ. ಬಿಗಿ ಇನ್ನೂ ತಗ್ಗಲೆಂದು ಎರಡೂ ಬದಿಯ ಗಿಡ್ಡ ಪಟ್ಟಿಯನ್ನು ತೆಗೆದು, ಉಳಿದವುಗಳ ತುದಿಗಳನ್ನು ತೆಳುಮಾಡಿದ, ಒಂದು ಇನ್ನೊಂದರ ಮೇಲೆ ಉಜ್ಜದೆ ಜಾರುವ ಹಾಗೆ. ಒಂದೊಂದನ್ನೂ ಮೀನೆಣ್ಣೆಯಲ್ಲಿ ಅದ್ದಿದ. ವಾಸನೆಗೆ ನಾಯಿಗಳು ಬಂದು ಅಂಗಳದಲ್ಲಿ ಸುತ್ತು ಹಾಕಿದವು. ಒಂದೊಂದನ್ನೂ ಮತ್ತೆ ಬಿಸಿಮಾಡಿ ಕಡ್ಡಿ ಉಜ್ಜಿದ. ಕಿಡಿ ಹಿಡಿಯಿತು ಎಂದು ಭಾಗೀರಥಿ ಅಂದರೂ, ಮತ್ತೊಂದು ಕಡ್ಡಿ ತಂದು ಉಜ್ಜಿ ನೋಡಿದ. ಕಡೆಗೆ ಎಲ್ಲವನ್ನೂ ತೂಗುಹಾಕಿ ತಟ್ಟಿ ಕೇಳಿದ. ಹಳೆಯ ಗೀಟುಗಳನ್ನು ಅರದಿಂದ ತೇಯ್ದು ನುಣ್ಣಗೆ ಮಾಡಿದ.

ಕಮಾನು ಕೂರಿಸಲು ಅವನೇ ಹಬ್ಬುವಾಡಕ್ಕೆ ಹೋದ. ತುಳಸಿದಾಸನಿಗೆ ಮಾಸ್ತಮ್ಮನಿಂದ ಸುದ್ದಿ ಮುಟ್ಟಿತ್ತು. ಆದರೂ ಅವನು ಪೂರ್ತಿ ಬಿಚ್ಚಿ ಮಾತಾಡಲಿಲ್ಲ. ಇಬ್ಬರೂ ಕಾರಿನ ಅಡಿಗೆ ಅಂಗಾತ ಮಲಗಿ, ಅಚ್ಚಿನ ಮೇಲೆ ಕಮಾನು ಕೂರಿಸಿ, ಲಾಳದ ಆಕಾರದ ಬೋಲ್ಟುಗಳನ್ನು ಬಿಗಿಯುತ್ತಿದ್ದಾಗ ಚಪ್ಪರದೊಳಗೆ ಬೂಟಿನ ಸದ್ದಾಯಿತು. ಹವಾಲ್ದಾರ ಬಗ್ಗಿ ಕೆಳಗೆ ಇಣುಕಿದ. ಮಾಬ್ಲನನ್ನು ನೋಡಿ ಅವನ ಹುಬ್ಬು ಏರಿತು, ಆಮೇಲೆ ಹಲ್ಲು ಕಾಣಿಸಿತು. ಹಿಂದಿನ ವರ್ಷ ಅಂಕೋಲೆಯ ಕಚೇರಿಯಲ್ಲಿದ್ದವನು ಅವನೇ. ಅಗುಳಿ ರಿಪೇರಿ ಮಾಡಿಸಿಕೊಂಡವನೂ ಅವನೇ.

“ಅರೆ, ನಮ್ಮ ಆಚಾರಿ,” ಎಂದ. “ಇಂವ ನಮ್ಮವನೇ.”

ಬೋಲ್ಟು ತಿರುಗಿಸುತ್ತಿದ್ದ ತುಳಸಿದಾಸನ ಕೈಯ ಪಾನಾ ನಿಂತಿತು. ಆ ಒಂದು ಗಳಿಗೆಯಲ್ಲಿ ತುಳಸಿದಾಸ ಏನೆಂದುಕೊಂಡಿರಬಹುದು ಎಂಬುದು ಮಾಬ್ಲನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಅಂದುಕೊಳ್ಳುತ್ತಿದ್ದ.

ಹವಾಲ್ದಾರ ಕುಕ್ಕರುಗಾಲಲ್ಲಿ ಕೂತು ಬೆತ್ತದಿಂದ ಕಮಾನನ್ನು ತಟ್ಟಿದ. ಈ ಗುಜರಿ ಕಾರಿಗೆ ಹೊಸ ಕಮಾನು ಎಲ್ಲಿಂದ ಬಂತು ಎಂದು ಕೇಳಿದ.

“ಗೋವೆಯ ಗುಜರಿ ಪಟ್ಟಿ ಒಡ್ಯಾ,” ಎಂದ ಮಾಬ್ಲ, ಬೋಲ್ಟಿನಿಂದ ಕಣ್ಣು ತೆಗೆಯದೆ. “ನಾನೇ ಕಾಸಿ ಮಾಡ್ದೆ. ಕಾರು ಬಾಡಿಗೆಗೆ ಓಡಿಸ್ತ್ನಂತೆ ಇಂವ. ಮೂರು ದಿನ ಓಡ್ರೆ ಹೆಚ್ಚು.”

ಹವಾಲ್ದಾರ ನಕ್ಕು, ಎಲೆಯಡಿಕೆ ಹಾಕಿಕೊಂಡು ಹೋದ. ಊರವರು ಕಟ್ಟಿದ ಕೆಟ್ಟ ಹೆಸರು ಆ ದಿನ ಕೆಲಸಕ್ಕೆ ಬಂತು. ಹವಾಲ್ದಾರನೂ ಅದನ್ನು ಕೇಳಿ, ಇವನು ತಮ್ಮ ಕಡೆಯವನೆಂದು ನಂಬಿದ್ದ. ತುಳಸಿದಾಸ ಬಹಳ ಹೊತ್ತಿನ ಮೇಲೆ ಪಾನಾ ತಿರುಗಿಸಿದ. ಸಂಜೆ ಮಾಬ್ಲ ಹೊರಡುವಾಗ, ಹುಬ್ಬಳ್ಳಿಗೆ ಜೊತೆಗೆ ಬರುತ್ತೀರಾ ಎಂದು ಕೇಳಿದ. ದಾರಿಯಲ್ಲಿ ಕಮಾನು ಕೈಕೊಟ್ಟರೆ ಬೇಕಾದೀತು ಎಂದ. ಕೈಕೊಟ್ಟರೆ ಎನ್ನುವಾಗ ಅವನ ದನಿಯಲ್ಲಿ ಇನ್ನೂ ಅನುಮಾನದ ಒಂದು ಎಳೆ ಉಳಿದಿತ್ತು. ಮಾಬ್ಲನಿಗೆ ಅದು ಕೇಳಿಸಿತು. ಬರುತ್ತೇನೆ ಎಂದ.

ಹೋಗುವಾಗ ಮಾಸ್ತಮ್ಮ ಮುಂದಿನ ಸೀಟಿನಲ್ಲಿ ಕೂತಳು, ಮಾಬ್ಲ ಹಿಂದಿನ ಹಲಗೆಯ ಮೇಲೆ ತಾನೇ ಅಂಗಾತ ಮಲಗಿಕೊಂಡ. ಅರಬೈಲ್ ಘಟ್ಟದ ಒಂದೊಂದು ಹೊಂಡವನ್ನೂ ಬೆನ್ನಿನಲ್ಲಿ ಕೇಳುತ್ತ, ಎಲ್ಲಿ ಕಮಾನು ಹೆಚ್ಚು ಎಗರುತ್ತದೆ, ಎಲ್ಲಿ ಕಾರನ್ನು ನಿಧಾನ ಮಾಡಬೇಕು ಎಂದು ತುಳಸಿದಾಸನಿಗೆ ಹೇಳುತ್ತ ಹೋದ. ಯಲ್ಲಾಪುರದಲ್ಲಿ ನಿಲ್ಲಿಸಿ ಬೋಲ್ಟು ಬಿಗಿದರು. ಹುಬ್ಬಳ್ಳಿಯ ಸ್ಟೇಷನ್ನಿನಲ್ಲಿ ಬೊಮ್ಮು ನಾಯಕರನ್ನು ಕಂಬಳಿಯಲ್ಲಿ ಎತ್ತಿಕೊಂಡು ತಂದಾಗ ಮಾಬ್ಲನಿಗೆ ಅವರ ಗುರುತೇ ಹತ್ತಲಿಲ್ಲ. ಮೋಟಾರಿನ ಬಾಗಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಜನರನ್ನು ಕರೆಯುತ್ತಿದ್ದ ಆ ಮನುಷ್ಯ ಒಂದು ತೊಟ್ಟಿಲ ಕೂಸಿನಷ್ಟು ಆಗಿದ್ದರು. ಹುಲ್ಲಿನ ಹಾಸಿಗೆ ಹಾಸಿ, ಹಲಗೆಯ ತೂತುಗಳಿಗೆ ಮೆತ್ತನೆಯ ಸೀರೆಯ ಪಟ್ಟಿ ಪೋಣಿಸಿ, ಮೈ ಅಲುಗದ ಹಾಗೆ ಕಟ್ಟಿದರು. ಮಾಸ್ತಮ್ಮ ತಲೆಯ ಬದಿಗೆ ಕೂತಳು. ಮಾಬ್ಲ ಹೊರಗಿನ ಮೆಟ್ಟಿಲ ಮೇಲೆ ನಿಂತು, ಕಿವಿಯನ್ನು ಚಕ್ರದ ಕಡೆಗೇ ಇಟ್ಟುಕೊಂಡು ಬಂದ. ಘಟ್ಟ ಇಳಿಯುವಾಗ ಒಂದು ಕಡೆ ಚಕ್ರ ದೊಡ್ಡ ಹೊಂಡಕ್ಕೆ ಬಿತ್ತು. ಕಮಾನು ಮೆಲ್ಲಗೆ ಕುಗ್ಗಿ ಮೆಲ್ಲಗೆ ಎದ್ದಿತು. ಮಾಸ್ತಮ್ಮ ಗಂಡನ ಮುಖ ನೋಡಿದಳು. ಬೊಮ್ಮು ನಾಯಕರು ನಿದ್ದೆ ಹೋಗಿದ್ದರು.

ಅವರು ಬದುಕಿದ್ದು ಮುಂದಿನ ಮಳೆಗಾಲದವರೆಗೆ. ಸ್ವಂತ ಮನೆಯ ಜಗಲಿಯಲ್ಲಿ, ಗದ್ದೆ ಕಾಣುವ ಕಡೆಗೆ ತಲೆ ಮಾಡಿ ಮಲಗಿ ಹೋದರು. ಸರ್ಕಾರ ಜಪ್ತಿ ಮಾಡಿ ಮಾರಿದ್ದ ಆ ಗದ್ದೆ ಆಗ ಬೇರೆಯವರ ಹೆಸರಿನಲ್ಲಿತ್ತು. ತುಳಸಿದಾಸ ಕಾರನ್ನು ಮಾರಲಿಲ್ಲ. ಅಂಕೋಲೆಯಿಂದ ಕಾರವಾರದ ಆಸ್ಪತ್ರೆಗೆ ಮಲಗಿಸಿ ಒಯ್ಯಬೇಕಾದವರಿದ್ದರೆ ಜನ ಅವನನ್ನೇ ಕರೆಸುತ್ತಿದ್ದರು. ಕಾರು ಕುಲುಮೆಯ ಮುಂದೆ ಹಾದುಹೋದಾಗೆಲ್ಲ ಮಾಬ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಅದರ ಸದ್ದು ತಿರುವು ದಾಟುವವರೆಗೆ ಕೇಳುತ್ತಿದ್ದ. ತುಳಸಿದಾಸನೂ ಮಳೆಗಾಲಕ್ಕೆ ಮುಂಚೆ ಒಮ್ಮೆ ಕಮಾನು ಬಿಚ್ಚಿಸಿ ತೋರಿಸದೆ ಬಿಡುತ್ತಿರಲಿಲ್ಲ. ಕಬ್ಬಿಣದ ವಿಷಯದಲ್ಲಿ ಅವರಿಬ್ಬರೂ ಒಬ್ಬರನ್ನೊಬ್ಬರು ಕಡೆಯವರೆಗೂ ಪರೀಕ್ಷೆ ಮಾಡುತ್ತಲೇ ಇದ್ದರು. ಹಾಗಾಗಿಯೇ ಸ್ನೇಹ ಉಳಿಯಿತೋ ಏನೋ.

ಮಾಸ್ತಮ್ಮ ಕುಲುಮೆಗೆ ಬಂದು ಭಾಗೀರಥಿಯ ಹತ್ತಿರ ಕೂತು ಎಲೆ ಹಾಕತೊಡಗಿದ ಮೇಲೆ ಊರವರೂ ಒಬ್ಬೊಬ್ಬರಾಗಿ ಕೂತರು. ಎಲ್ಲರೂ ಅಲ್ಲ. ಕೆಲವರು ಕಡೆಯವರೆಗೂ ಅಂಗಳದಲ್ಲೇ ನಿಂತರು, ಮಾಬ್ಲನೂ ಅವರನ್ನು ಒಳಗೆ ಕರೆಯಲಿಲ್ಲ.

ಜಪ್ತಿಯಾದ ಭೂಮಿಗಳು ರೈತರಿಗೆ ಮರಳಿ ಸಿಕ್ಕ ವರ್ಷ, ಊರಿನಲ್ಲಿ ಸಂಭ್ರಮ ನಡೆದಿದ್ದ ಒಂದು ಮಧ್ಯಾಹ್ನ, ಮಾಸ್ತಮ್ಮನ ನೆರೆಮನೆಯ ಮುದುಕ ಜಟ್ಟಿ ಕುಡಗೋಲು ತಟ್ಟಿಸಿಕೊಳ್ಳಲು ಬಂದ. ಬಣವೆ ಇದ್ದದ್ದು ಅವನ ಅಂಗಳದಲ್ಲೇ. ಸ್ವಲ್ಪ ಹೊತ್ತು ಆಚೀಚೆಯ ಮಾತಾಡಿ, ಆ ಹಂಡೆಯ ವಿಷಯ ಪೊಲೀಸರಿಗೆ ಹೇಳಿಕೊಟ್ಟವರು ಯಾರು ಎಂದು ನನಗೆ ಗೊತ್ತಿದೆ, ಸಾಯುವ ಮುಂಚೆ ನಿನಗೊಬ್ಬನಿಗೆ ಹೇಳಬೇಕು ಎಂದ. ಹೇಳುವಾಗ ಅವನು ಕುಡಗೋಲಿನ ಹಿಡಿಯನ್ನೇ ನೋಡುತ್ತಿದ್ದ. ಮಾಬ್ಲ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ತಿದಿ ಜೋರಾಗಿ ಒತ್ತಲು ಹೇಳಿದ. ಬೆಂಕಿ ಭೋರೆಂದಿತು, ಜಟ್ಟಿಯ ಮುಂದಿನ ಮಾತು ಅದರಲ್ಲಿ ಅಡಗಿಹೋಯಿತು. ಕುಡಗೋಲನ್ನು ಕಾಸಿ, ತಟ್ಟಿ, ಹಲ್ಲು ತೀಡಿ ಜಟ್ಟಿಯ ಕೈಗೆ ಕೊಟ್ಟ. ಹಿಡಿ ಸಡಿಲವಾಗಿದೆ, ಮನೆಗೆ ಹೋಗಿ ಒಂದು ಬೆಣೆ ಹಾಕಿಕೋ ಎಂದು ಹೇಳಿ ಅವನನ್ನು ಕಳಿಸಿದ.